ಒಲೆ ಹಚ್ಚುವವರ ಮೊಳ

ಆಚಾರ್ರು ಹೋಗಿಬಿಟ್ಟರು ಅನ್ನುವ ಸುದ್ದಿ ನನಗೆ ಸಿಕ್ಕಿದ್ದು ಅಜ್ಜಂಪುರದ ಸಂತೆಯಲ್ಲಿ. ಸೊಪ್ಪು ಮಾರುವ ಬುಕ್ಕಾಂಬುಧಿಯ ಹೆಂಗಸು ಮೆಂತ್ಯದ ಕಟ್ಟು ಕೊಡುತ್ತಾ, "ನಮ್ಮೂರ ಆಚಾರ್ರು, ನಿಮ್ಮನೆ ಮರಗೆಲಸ ಮಾಡಿದೋರು, ಹೋಗ್ಬಿಟ್ರು ಕಣಮ್ಮ. ಮಲಗಿದ್ದೋರು ಏಳ್ಲೇ ಇಲ್ಲ" ಅಂದಳು. ಅಯ್ಯೋ ಪಾಪ ಅನ್ನಬೇಕಿತ್ತು. ಬಾಯಲ್ಲಿ ಅಂದೆ ಕೂಡ. ಆದರೆ ಒಳಗೆ ಮೊದಲು ಎದ್ದದ್ದು ಸಿಟ್ಟು. ನನ್ನ ಕೆಲಸ ಬಾಕಿ ಇಟ್ಟು ಹೋಗಿಬಿಟ್ಟರಲ್ಲ ಈ ಮನುಷ್ಯ, ಕೊಟ್ಟ ಮಾತನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಎಂದು. ಸತ್ತವರ ಮೇಲೆ ಹೀಗೆ ಸಿಡುಕುವುದು ಒಳ್ಳೆಯದಲ್ಲ, ಗೊತ್ತು. ಬುದ್ಧಿ ಹೇಳುವವರು ನನ್ನ ಅಡುಗೆಮನೆಯ ಮೂಲೆಯಲ್ಲಿ ಒಂದು ವಾರ ಪಾತ್ರೆ ತೆಗೆದು, ಇಟ್ಟು ಮಾಡಲಿ. ಆಮೇಲೆ ಹೇಳಲಿ.

ಅವರಿಗೊಂದು ಹೆಸರಿತ್ತು. ಯಾರೂ ಅದನ್ನು ಹಿಡಿದು ಕರೆಯುತ್ತಿರಲಿಲ್ಲ. ಅಜ್ಜಂಪುರ, ತರೀಕೆರೆ, ಆ ಕಡೆ ಕಡೂರಿನವರೆಗೂ ಮರದ ಕೆಲಸವೆಂದರೆ ಆಚಾರ್ರು, ಆಚಾರ್ರು ಅಂದರೆ ಅವರು. ಹಳೇ ಮೊಪೆಡ್ಡಿನ ಮುಂದೆ ಗೋಣಿಚೀಲದಲ್ಲಿ ಉಳಿ, ಕೊಡತಿ, ಗರಗಸ, ಕಿವಿಯ ಸಂದಿಯಲ್ಲಿ ಮೋಟು ಪೆನ್ಸಿಲ್, ಬಾಯಲ್ಲಿ ಎಲೆಅಡಿಕೆ. ವಿನಯ ಅನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಅಲ್ಲಿದ್ದ ಬಾಗಿಲನ್ನು ಎರಡು ಸಲ ತೆಗೆದು ಮುಚ್ಚಿ, "ಯಾರ್ ಮಾಡಿದ್ದು ಇದ್ನ? ಕೊರಗ್ತಾ ಐತಲ್ರೀ" ಅನ್ನುವರು. ನಮ್ಮ ದೇವರಮನೆ ಬಾಗಿಲಿಗೂ ಹಾಗೇ ಅಂದರು. ಅದನ್ನು ಮಾಡಿದವರು ತರೀಕೆರೆಯಲ್ಲಿದ್ದ ಅವರ ಸ್ವಂತ ಸೋದರಮಾವ. ಅದನ್ನು ಹೇಳಿದಾಗ, "ಹೌದಾ? ಮಾವನ ಕೈ ಯಾವಾಗ್ಲೂ ಹಂಗೇ" ಎಂದು ಇನ್ನೊಂದು ಸಲ ಬಾಗಿಲು ಅಲ್ಲಾಡಿಸಿದರು.

ಕೆಲಸಕ್ಕೆ ಕರೆದರೆ ಬರುತ್ತೇನೆ ಎನ್ನುತ್ತಿದ್ದರೇ ಹೊರತು ಬರುತ್ತಿರಲಿಲ್ಲ. ಅಮಾವಾಸ್ಯೆಗೆ ಆಚಾರ್ರು ಉಳಿ ಮುಟ್ಟುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಇವರದು ಅಮಾವಾಸ್ಯೆಯ ಹಿಂದಿನ ದಿನ ತಯಾರಿ, ಮರುದಿನ ಆಯಾಸ. ಫೋನು ಮಾಡಿದರೆ "ಬಂದೇಬಿಟ್ಟೆ ಕಣ್ರೀ, ದಾರೀಲಿದೀನಿ" ಎನ್ನುವ ದನಿಯ ಹಿಂದೆ ಅವರ ಮನೆಯ ಕೋಳಿ ಕೂಗುತ್ತಿರುತ್ತಿತ್ತು. ಬಂದ ಮೇಲೂ ಕಾಫಿ ಆಗದೆ ಪೆನ್ಸಿಲ್ಲಿಗೆ ಕೈ ಹಾಕುವವರಲ್ಲ. ಇಷ್ಟಿದ್ದೂ ಅವರನ್ನೇ ಯಾಕೆ ಕರೆದೆ ಅಂದರೆ, ನಮ್ಮ ಅಡುಗೆಮನೆಯ ಮೂಲೆಗೆ ಕೈ ಹಾಕಲು ಒಪ್ಪಿದವರು ಅವರೊಬ್ಬರೇ.

ಆ ಮೂಲೆಯ ಒಂದು ಕಡೆ ಮಾವನವರ ಕಾಲದ ಮಣ್ಣಿನ ಗೋಡೆ, ಇನ್ನೊಂದು ಕಡೆ ಆಮೇಲೆ ಕಟ್ಟಿದ ಇಟ್ಟಿಗೆ ಗೋಡೆ. ಎರಡಕ್ಕೂ ನೇರ ಹೊಂದಿಕೆಯಿಲ್ಲ. ಕಡೂರಿನಿಂದ ಬಂದ ರೆಡಿಮೇಡ್ ಕಬೋರ್ಡಿನವರು ನೋಡಿ, "ಮೂಲೆ ಬಿಟ್ಟು ಆ ಕಡೆ ಈ ಕಡೆ ಹಾಕಿಕೊಡ್ತೀವಿ ಮೇಡಂ" ಅಂದರು. ನನಗೆ ಬೇಕಾಗಿದ್ದೇ ಮೂಲೆ. ಅಲ್ಲಿ ಗೋಣಿಚೀಲ, ಮುರಿದ ಮೊರ, ಜಿರಳೆ ಸೇರಿಕೊಂಡಿದ್ದವು. ಎರಡು ಗೋಡೆಗೂ ಕೂಡಿಕೊಳ್ಳುವ ಹಾಗೆ ಮರದ ಕಬೋರ್ಡು ಮಾಡಿಸಿ, ಅದರ ಮೇಲೇ ಕಡಪ ಕಲ್ಲು ಕೂರಿಸಿ, ಅದರ ಮೇಲೆ ಒಲೆ ಇಟ್ಟು, ನೆಟ್ಟಗೆ ನಿಂತು ಅಡುಗೆ ಮಾಡಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ನಿಜ ಹೇಳಬೇಕೆಂದರೆ ಆಸೆ ಕಬೋರ್ಡಿನದ್ದಷ್ಟೇ ಅಲ್ಲ. ಆ ಮನೆಗೆ ಸೊಸೆಯಾಗಿ ಬಂದು ತಲೆ ನರೆಯಲು ಶುರುವಾಗಿದ್ದರೂ ಅದು ನನ್ನ ಅಡುಗೆಮನೆ ಎಂದು ಒಬ್ಬರೂ ಅಂದಿರಲಿಲ್ಲ. ಯಾವುದಾದರೂ ಒಂದು ವಸ್ತು ನನ್ನ ಅಳತೆಗೆ ಅಲ್ಲಿ ನಿಲ್ಲಲಿ ಅನ್ನುವ ಹಟ ನನ್ನದು.

ಆಚಾರ್ರು ಬಂದರು. ಕಾಫಿ ಕುಡಿದರು. ಮೂಲೆಮಟ್ಟ ತೆಗೆದು ಗೋಡೆಗೆ ಹಿಡಿದು, ಸಂದಿಯಲ್ಲಿ ಕಿರುಬೆರಳು ತೂರಿಸಿ ನಕ್ಕರು. "ಗೋಡೆ ಎಷ್ಟೋ ವಾಸಿ ಮೇಡಮ್ಮೋರೆ. ಮೂಲೆ ಮಾತ್ರ ಯಾವತ್ತೂ ನಿಜ ಹೇಳಲ್ಲ." ನಾನು ಟೇಪು ಕೊಡಲು ಹೋದೆ. ಅದನ್ನು ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. ಚೀಲದಿಂದ ಒಂದು ಬಿದಿರು ಕಡ್ಡಿ ತೆಗೆದು, ಅಡುಗೆಮನೆಯ ನಡುವೆ ನಿಂತು ಕೇಳಿದರು.

"ಈ ಮನೇಲಿ ಬೆಳಗ್ಗೆ ಒಲೆ ಹಚ್ಚೋರು ಯಾರು?"

ನಾನು ಆಗ ಬೀರೂರಿನಲ್ಲಿ ಹೈಸ್ಕೂಲು ಟೀಚರು. ಬೆಳಗಿನ ರೈಲು ಹಿಡಿಯಬೇಕು. ಬೇಗ ಎದ್ದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಒಲೆ ಹಚ್ಚುತ್ತಿದ್ದವರು ನಮ್ಮತ್ತೆ. ಹಾಲು ಕಾಯಿಸಿ, ನನಗೂ ನಮ್ಮ ಯಜಮಾನರಿಗೂ ಎರಡೆರಡು ರೊಟ್ಟಿ ಬಡಿದುಬಿಟ್ಟರೆ ಅವರ ಮಂಡಿ ಸೋಲುತ್ತಿತ್ತು. ಮಿಕ್ಕ ಅಡುಗೆ, ಸಾಯಂಕಾಲದ್ದು, ಭಾನುವಾರದ್ದು, ಹಬ್ಬದ್ದು, ನೆಂಟರದ್ದು, ಎಲ್ಲ ನನ್ನ ತಲೆಗೆ. ಅದನ್ನೆಲ್ಲ ಹೇಳಲು ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೂತಿದ್ದ ಅತ್ತೆ, "ನಾನೇ ಕಣಪ್ಪ" ಅಂದರು.

"ಕೈ ಚಾಚಿ ಅಮ್ಮಾವ್ರೆ."

ಅತ್ತೆ ಕೈ ಚಾಚಿದರು. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಕಡ್ಡಿ ಹಿಡಿದು ಆಚಾರ್ರು ಗುರುತು ಮಾಡಿಕೊಂಡರು. ನಮ್ಮತ್ತೆ ನನ್ನ ಭುಜದ ಮಟ್ಟ ಬರುವ ಹೆಂಗಸು.

"ಆಚಾರ್ರೆ, ಹೆಚ್ಚಿನ ಅಡುಗೆ ಎಲ್ಲಾ ನಾನೇ ಮಾಡೋದು" ಅಂದೆ.

"ಮಾಡಿ, ಬೇಡ ಅಂದೋರ್ಯಾರು? ಮನೆ ಕಟ್ಟೋಕೆ ಯಜಮಾನನ ಮೊಳ, ಅಡುಗೆಮನೆಗೆ ಒಲೆ ಹಚ್ಚೋರ ಮೊಳ. ಇದು ನಮ್ ಲೆಕ್ಕ."

ಮನೆಗೆ ಆಯ ಹಾಕುವಾಗ, ಉದ್ದಗಲ ಗೊತ್ತುಮಾಡುವಾಗ, ಯಜಮಾನನ ಕೈ ಅಳೆಯುವುದು ನಮ್ಮ ಕಡೆ ಇದ್ದದ್ದೇ. ಅದನ್ನು ಕಬೋರ್ಡಿಗೆ ತಂದು ಅಂಟಿಸಿದವರು ಮಾತ್ರ ಇವರೊಬ್ಬರೇ. ಬೇರೆ ಯಾವ ಆಚಾರಿಯ ಬಾಯಲ್ಲೂ ನಾನು ಇದನ್ನು ಕೇಳಿಲ್ಲ. ಅವರ ಲೆಕ್ಕದಲ್ಲಿ ಕಟ್ಟೆಯ ಎತ್ತರ ಎರಡು ಮೊಳ. ಮೂಲೆಯ ಆಳ, ಒಲೆ ಹಚ್ಚುವವರು ನಿಂತಲ್ಲಿಂದ ಕೈ ಹಾಕಿದರೆ ಬೆರಳಿಗೆ ಎಟುಕುವಷ್ಟು. ಅದರಾಚೆ ಎಷ್ಟೇ ಜಾಗವಿರಲಿ, ಹಲಗೆ ಬಡಿದು ಮುಚ್ಚಿಬಿಡುವುದು. "ಕೈಗೆ ಸಿಗ್ದೇ ಇರೋ ಜಾಗ ಇಲೀಗೇ ಸೇರೋದು" ಅನ್ನುತ್ತಿದ್ದರು. ನಾನು ವಾದ ಮಾಡಿದೆ. ನಮ್ಮ ಯಜಮಾನರ ಕಡೆ ನೋಡಿದೆ. ಅವರು ಪೇಪರಿನ ಹಿಂದೆ ಸೇರಿಕೊಂಡು, "ಅವ್ರ ಕೆಲ್ಸ ಅವ್ರಿಗೆ ಗೊತ್ತು ಬಿಡೆ" ಅಂದರು. ಅಲ್ಲಿಗೆ ಮುಗಿಯಿತು.

ಕೆಲಸ ಮಾಡುವಾಗ ಅವರ ಬಾಯಿಗೆ ಬಿಡುವಿಲ್ಲ. ಹಲಸಿನ ಹಲಗೆಗೆ ಉಜ್ಜುಗೊರಡು ಹಾಕುತ್ತಾ ಯಗಟಿಯ ಒಂದು ಮನೆಯ ಕಥೆ ಹೇಳಿದರು. ಅಲ್ಲಿ ಒಲೆ ಹಚ್ಚುವವರು ಯಾರು ಎಂದು ಕೇಳಿದ್ದಕ್ಕೆ ವಾರಗಿತ್ತಿಯರಿಬ್ಬರೂ ಒಟ್ಟಿಗೆ "ನಾನು" ಅಂದರಂತೆ. "ನೀವಿಬ್ರೂ ತೀರ್ಮಾನ ಮಾಡ್ಕೊಂಡು ಹೇಳಿ ಕಳ್ಸಿ ಅಂತ ಚೀಲ ಎತ್ಕೊಂಡು ಬಂದ್ಬಿಟ್ಟೆ."

"ಆಮೇಲೆ?"

"ಆಮೇಲೇನು, ಅವ್ರು ಹೇಳೂ ಕಳಿಸ್ಲಿಲ್ಲ, ನಾನೂ ಹೋಗ್ಲಿಲ್ಲ."

ಅದನ್ನು ದೊಡ್ಡ ಸಾಧನೆಯ ಹಾಗೆ ಹೇಳಿ ತಾವೇ ನಕ್ಕರು. ನನಗೆ ನಗು ಬರಲಿಲ್ಲ. ಆ ಮನೆಯ ಹೆಂಗಸರು ಈಗ ಎಲ್ಲಿ ಬಗ್ಗಿ ಸಾಯುತ್ತಿದ್ದಾರೋ ಅನ್ನಿಸಿತು.

ಕಬೋರ್ಡು ಚೆನ್ನಾಗಿಯೇ ಆಯಿತು, ಅದೇ ನನ್ನ ಸಂಕಟ. ಸೊಟ್ಟ ಮೂಲೆಗೆ ಒಂದು ಕೂದಲಷ್ಟೂ ಸಂದಿಯಿಲ್ಲದಂತೆ ಕೂತಿತು. ಮಳೆಗಾಲದಲ್ಲಿ ಬಾಗಿಲು ಊದಲಿಲ್ಲ, ಬೇಸಿಗೆಯಲ್ಲಿ ಬಿರಿಯಲಿಲ್ಲ. ಎಲ್ಲಾದರೂ ಕಿತ್ತು ಬಂದಿದ್ದರೆ ಇದೇ ನೆಪವೆಂದು ತೆಗೆದು ಬಿಸಾಕುತ್ತಿದ್ದೆ. ಅತ್ತೆಗೆ ಹೇಳಿ ಮಾಡಿಸಿದ ಹಾಗಿತ್ತು, ಹಾಗೇ ಮಾಡಿಸಿದ್ದು ತಾನೆ. ನಾನು ಮಾತ್ರ ಸ್ಕೂಲಿನಲ್ಲಿ ದಿನವಿಡೀ ನಿಂತು ಬಂದು, ಸಂಜೆ ಆ ಗಿಡ್ಡ ಕಟ್ಟೆಯ ಮುಂದೆ ಬಗ್ಗಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಸೊಂಟ ಹಿಡಿದುಕೊಳ್ಳುತ್ತಿತ್ತು. ಮೂಲೆಯೊಳಗೆ ನನ್ನ ಇಡ್ಲಿ ಪಾತ್ರೆ ಹಿಡಿಯಲೇ ಇಲ್ಲ, ಅಷ್ಟು ಮುಂದಕ್ಕೆ ಹಲಗೆ ಬಡಿದಿದ್ದರು. ಬಂದವರೆಲ್ಲ, "ನಿಮ್ಮತ್ತೇರ ಅಡುಗೆಮನೆ ಎಷ್ಟು ಅಚ್ಚುಕಟ್ಟಾಗೈತೆ" ಅನ್ನುವರು. ಹಲ್ಲು ಕಚ್ಚಿಕೊಂಡು ಅವರಿಗೆ ಕಾಫಿ ಕೊಡುತ್ತಿದ್ದೆ, ಬಗ್ಗಿ ಮಾಡಿದ ಕಾಫಿ.

ಅತ್ತೆ ತೀರಿಕೊಂಡರು. ಅವರು ಒಳ್ಳೆಯವರು, ನನ್ನ ಜಗಳ ಅವರ ಕೈಯ ಉದ್ದದ ಜೊತೆ ಇತ್ತೇ ಹೊರತು ಅವರ ಜೊತೆ ಅಲ್ಲ. ವರ್ಷದ ಕಾರ್ಯ ಕಳೆದ ಮೇಲೆ ಆಚಾರ್ರಿಗೆ ಫೋನು ಮಾಡಿದೆ. ಕಲ್ಲು ಎತ್ತಿಸಿ, ಕಬೋರ್ಡಿಗೆ ಕಾಲು ಏರಿಸಿ, ಹಿಂದಿನ ಹಲಗೆ ಕಿತ್ತು, ನನ್ನ ಮಟ್ಟಕ್ಕೆ ಮಾಡಿಕೊಡಿ ಅಂದೆ. ಮೂರು ಅಮಾವಾಸ್ಯೆ ದಾಟಿಸಿ ಬಂದರು.

ಅಷ್ಟರಲ್ಲಿ ನಮ್ಮ ಯಜಮಾನರು ನಿವೃತ್ತರಾಗಿದ್ದರು. ನನ್ನ ಸರ್ವೀಸು ಇನ್ನೂ ಇತ್ತು. ಆಚಾರ್ರು ಕೂತು ಕಡ್ಡಿ ಹೊರತೆಗೆದರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಚಾಚಲು ತಯಾರಾಗಿ ನಿಂತಿದ್ದೆ. ಆಗ ಒಳಗಿನಿಂದ ನಮ್ಮ ಯಜಮಾನರು ತಟ್ಟೆಯಲ್ಲಿ ಮೂರು ಲೋಟ ಕಾಫಿ ಇಟ್ಟುಕೊಂಡು ಬಂದರು.

ಆಚಾರ್ರು ಒಂದು ಗುಟುಕು ಕುಡಿದು, "ಚೆನ್ನಾಗೈತಲ್ಲ, ಯಾರ್ ಮಾಡಿದ್ದು?" ಅಂದರು.

ನಾನು ಕಣ್ಸನ್ನೆ ಮಾಡಿದೆ. ಆ ಪುಣ್ಯಾತ್ಮನಿಗೆ ಅರ್ಥವಾಗಬೇಕಲ್ಲ. ಎದೆ ಉಬ್ಬಿಸಿಕೊಂಡು, "ನಾನೇ! ಈಗ ಬೆಳಗ್ಗೆ ಎದ್ದು ಒಲೆ ಹಚ್ಚೋದೂ ನಾನೇ, ಇವಳಿಗೆ ಡಬ್ಬಿ ಕಟ್ಟೋದೂ ನಾನೇ" ಅಂದರು.

ಆಚಾರ್ರು ಲೋಟ ಕೆಳಗಿಟ್ಟರು. "ಹಂಗಾದ್ರೆ ಕೈ ಚಾಚಿ ಯಜಮಾನ್ರೆ."

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ಯಜಮಾನರು ಬಾಗಿಲ ಹೊಸ್ತಿಲು ದಾಟುವಾಗ ತಲೆ ತಗ್ಗಿಸುವ ಆಳು. "ಏನ್ರೀ ಆಚಾರ್ರೆ, ಮನೆ ತುಂಬ ಎಲ್ಲರ ಕೈ ಅಳೀತೀರ, ನನಗೇನು ಕೈಯಿಲ್ವಾ?" ಅಂದೆ. ಅವರು ಬೇಸರವನ್ನೂ ಮಾಡಿಕೊಳ್ಳಲಿಲ್ಲ. "ನಿಮ್ ಸರದಿ ಬಂದಾಗ ನಿಮ್ದೂ ಅಳೀತೀನಿ ಮೇಡಮ್ಮೋರೆ. ಬೇಡ ಅಂದ್ರೆ ಬೇರೆಯೋರ್ನ ಕರ್ಸಿ" ಎಂದು ಚೀಲ ಎಳೆದುಕೊಂಡರು. ಬೇರೆಯವರು ಮೂಲೆ ಬಿಟ್ಟು ಹಾಕುವವರು. ಅವರ ಚೀಲ ಹಿಡಿದು ನಿಲ್ಲಿಸಿ, "ಅಳೀರಿ" ಅಂದೆ.

ಹೀಗೆ ಬಗ್ಗಿ ಮಾಡುತ್ತಿದ್ದವಳು ಎಗರಿ ಮಾಡುವ ಹಾಗಾಯಿತು. ಕಟ್ಟೆಯ ಮೇಲಿನ ಒಲೆ ನನ್ನ ಎದೆಯ ಮಟ್ಟಕ್ಕೆ ಬಂತು. ಕುದಿಯುವ ಸಾರನ್ನು ನೋಡಲು ಮಣೆಯ ಮೇಲೆ ಹತ್ತಬೇಕು, ಉಪ್ಪು ತರಲು ಇಳಿಯಬೇಕು. ಮೂಲೆಯ ಕಬೋರ್ಡಂತೂ ಒಂದು ಗವಿ. ಇಡ್ಲಿ ಪಾತ್ರೆ ಈಗ ಹಿಡಿಯಿತು, ಆದರೆ ಹೋಗಿ ಕೂತಿದ್ದು ಗವಿಯ ಕೊನೆಗೆ. ಭುಜ ಬಾಗಿಲಿಗೆ ಒತ್ತಿ ಕೈ ಚಾಚಿದರೂ ನನ್ನ ಬೆರಳಿಗೆ ಅದರ ಕಿವಿ ಸಿಗದು. "ರೀ, ಸ್ವಲ್ಪ ಬನ್ರೀ" ಎಂದು ಕರೆಯಬೇಕು. ಅವರು ನಿಂತಲ್ಲಿಂದಲೇ ಕೈ ಹಾಕಿ ತೆಗೆದುಕೊಟ್ಟು, "ಎಷ್ಟು ಚೆನ್ನಾಗಿ ಮಾಡಿದಾರೆ ನೋಡು" ಅನ್ನುವರು. ಇಡ್ಲಿ ಮಾಡುವುದನ್ನೇ ಬಿಟ್ಟೆ.

ಕೊನೆಗೆ ನಾನೂ ನಿವೃತ್ತಳಾದೆ. ಸ್ಕೂಲಿನಲ್ಲಿ ಹಾರ ಹಾಕಿ ಕಳಿಸಿದರು. ಎಲ್ಲರೂ ಇನ್ನು ಮುಂದೆ ಏನು ಮಾಡುತ್ತೀರಿ ಎಂದು ಕೇಳಿದರು. ನನಗೆ ಉತ್ತರ ಗೊತ್ತಿತ್ತು, ಹೇಳಲಿಲ್ಲ. ಮರುದಿನ ಬೇಗ ಎದ್ದು ಅಡುಗೆಮನೆಗೆ ಹೋದರೆ ನಮ್ಮ ಯಜಮಾನರು ಆಗಲೇ ಹಾಲು ಉಕ್ಕಿಸುತ್ತಿದ್ದರು. ಅದರ ಮರುದಿನ ಇನ್ನೂ ಬೇಗ ಎದ್ದೆ. ನಿದ್ದೆ ಬರದ ಮನುಷ್ಯ, ಆಗಲೂ ಅಲ್ಲೇ ಇದ್ದರು. ಈ ವಯಸ್ಸಿನಲ್ಲಿ ಗಂಡನ ಜೊತೆ ಪೈಪೋಟಿ ಬೇಕಿತ್ತೇ? ಬೇಕಿತ್ತು. ನೇರವಾಗಿಯೇ ಹೇಳಿದೆ: "ನಾಳೆಯಿಂದ ನೀವು ಬೆಳಗ್ಗೆ ಒಲೆ ಮುಟ್ಟಕೂಡದು." ಅವರು ನನ್ನ ಮುಖ ನೋಡಿ, "ಕಾಫಿ ಚೆನ್ನಾಗಿರ್ಲಿಲ್ವೇನೇ?" ಅಂದರು. ಪಾಪ ಅನ್ನಿಸಿತು, ಆದರೆ ಬಿಡಲಿಲ್ಲ.

ಒಂದು ವಾರ ನಾನೇ ಒಲೆ ಹಚ್ಚಿ ಆಚಾರ್ರಿಗೆ ಫೋನು ಮಾಡಿದೆ. ದನಿ ಸೋತಿತ್ತು, ಮಾತು ಮಾತ್ರ ಹಾಗೇ ಇತ್ತು.

"ಈಗ ಒಲೆ ಹಚ್ಚೋಳು ನಾನೇ ಆಚಾರ್ರೆ. ಬಂದು ಅಳತೆ ತಗೊಳ್ಳಿ."

"ಎಷ್ಟ್ ದಿವ್ಸದಿಂದ?"

"ಒಂದು ವಾರದಿಂದ."

"ಒಂದ್ ವಾರ ಯಾರ್ ಬೇಕಾದ್ರೂ ಹಚ್ತಾರೆ ಕಣ್ರೀ. ಒಂದ್ ವರ್ಷ ಆಗ್ಲಿ. ಆಮ್ಯಾಕೂ ನೀವೇ ಹಚ್ತಿದ್ರೆ ಬತ್ತೀನಿ. ಮಾತು."

ಫೋನು ಇಟ್ಟು ತಲೆ ಚಚ್ಚಿಕೊಂಡೆ. ಆದರೂ ಹಟಕ್ಕೆ ಬಿದ್ದು ಒಂದು ದಿನವೂ ತಪ್ಪಿಸದೆ ಹಚ್ಚಿದೆ. ನೆಗಡಿ, ಜ್ವರ ಇದ್ದಾಗಲೂ ಎದ್ದು ಮಣೆ ಹತ್ತಿ ಹಚ್ಚಿ, ಹೋಗಿ ಮಲಗಿದ್ದುಂಟು. ಚಳಿಗಾಲದ ಬೆಳಗಿನಲ್ಲಿ ಆ ಕಲ್ಲು ಎಷ್ಟು ತಣ್ಣಗಿರುತ್ತದೆ ಎನ್ನುವುದು ಆಗ ಗೊತ್ತಾಯಿತು. ಅತ್ತೆ ಇದನ್ನು ಎಷ್ಟು ವರ್ಷ ಮಾಡಿದರೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು. ವರ್ಷ ತುಂಬುತ್ತಾ ಬಂದಿತ್ತು. ಇನ್ನೇನು ಫೋನು ಮಾಡಬೇಕು ಅನ್ನುವಾಗ ಸಂತೆಯಲ್ಲಿ ಆ ಸುದ್ದಿ.

ಕಾರ್ಯವೆಲ್ಲ ಮುಗಿದಿರಬಹುದು ಎಂದು ಲೆಕ್ಕ ಹಾಕಿ ಬುಕ್ಕಾಂಬುಧಿಯ ಬಸ್ಸು ಹತ್ತಿದೆ. ಯಾಕೆ ಹೋದೆ ಎಂದು ಕೇಳಿದರೆ ಹೇಳಲಾರೆ. ಮಾತನಾಡಿಸಿಕೊಂಡು ಬರೋಣ ಎಂದು ಮನೆಯಲ್ಲಿ ಹೇಳಿದ್ದೆ. ಜಗಳ ಮುಗಿಸಿ ಬರೋಣ ಅನ್ನುವುದೂ ಒಳಗೆ ಇತ್ತು.

ಆಚಾರ್ರ ಹೆಂಡತಿಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಕುಳ್ಳನೆಯ ಹೆಂಗಸು, ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಮಕ್ಕಳಿಲ್ಲ. ಪಕ್ಕದ ಮನೆಯಲ್ಲಿ ಮೈದುನನ ಸಂಸಾರ. ನಾನು ಅಜ್ಜಂಪುರದ ಟೀಚರು ಅಂದ ಕೂಡಲೆ, "ಗೊತ್ತು ಬಿಡಿ, ಮೂಲೆ ಮನೆಯೋರು. ಯಾವಾಗ್ಲೂ ಹೇಳೋರು, ಆ ಮೇಡಮ್ಮೋರು ಬಾಳ ಜಗಳ ಆಡ್ತಾರೆ ಅಂತ" ಅಂದರು. ಆಮೇಲೆ, "ಒಂದು ಲೋಟ ಕಾಫಿ ಕೊಡೋಕೂ ಆಗ್ತಿಲ್ಲ ನೋಡಿ. ಅವ್ರು ಹೋದಾಗಿಂದ ನಮ್ಮನೇಲಿ ಒಲೇನೇ ಹಚ್ಚಿಲ್ಲ. ಊಟ ಆ ಮನೆಯಿಂದ ಬತ್ತೈತೆ" ಎಂದು ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ" ಎಂದು ಎದ್ದೆ.

ಅಡುಗೆಮನೆ ಚಿಕ್ಕದು. ಇಲ್ಲಿಯೂ ಒಂದು ಮೂಲೆ, ಮೂಲೆಗೆ ಹೊಂದಿಕೊಂಡು ಹಲಸಿನ ಕಬೋರ್ಡು, ಮೇಲೆ ಕಡಪ ಕಲ್ಲು. ನಿಂತೆ. ಬಗ್ಗಲಿಲ್ಲ, ಎಗರಲಿಲ್ಲ. ಕಟ್ಟೆ ನನಗೆ ಎಲ್ಲಿಗೆ ಬೇಕೋ ಅಲ್ಲಿಗೇ ಬಂದಿತ್ತು. ಮೂಲೆಯ ಬಾಗಿಲು ತೆರೆದು ನೋಡದೆಯೇ ಕೈ ಹಾಕಿದೆ. ಹಿಂದಿನ ಹಲಗೆ ನನ್ನ ನಡುಬೆರಳಿನ ತುದಿಗೆ ತಾಗಿತು. ಕಾಫಿಪುಡಿಯ ಡಬ್ಬಿ ಅಲ್ಲೇ ಇತ್ತು. ಅಷ್ಟು ವರ್ಷ ನಾನು ಕೇಳಿದ್ದು, ಕಾಡಿದ್ದು, ಜಗಳವಾಡಿದ್ದು ಇದೇ ಕಟ್ಟೆ. ಅದು ಇಲ್ಲಿ, ಇವರ ಮನೆಯಲ್ಲಿ ನಿಂತಿತ್ತು. ಹೊಟ್ಟೆ ಉರಿಯಿತು. ಆ ಕುಳ್ಳ ಹೆಂಗಸಿನ ಅಡುಗೆಕಟ್ಟೆ ಇಷ್ಟು ಎತ್ತರ ಯಾಕಿದೆ ಅನ್ನುವ ಪ್ರಶ್ನೆ ಎದ್ದದ್ದು ಆಮೇಲೆ.

"ನಿಮಗೆ ಈ ಕಟ್ಟೆ ಎತ್ತರ ಆಗಲ್ವಾ?" ಎಂದು ಒಳಗಿನಿಂದಲೇ ಕೇಳಿದೆ.

"ಆಯ್ತೈತೆ. ಅದು ಅವ್ರ ಮೊಳದ್ದಲ್ವಾ" ಅಂದರು. "ನಮ್ಮನೇಲಿ ಬೆಳಗ್ಗೆ ಒಲೆ ಹಚ್ತಿದ್ದೋರು ಅವ್ರೇ. ಮದ್ವೆ ಆಗಿ ಬಂದಾಗಿಂದ್ಲೂ ನನ್ನ ಏಳೋಕೆ ಬಿಡ್ಲಿಲ್ಲ. ಎಲ್ರಿಗಿಂತ ಮೊದ್ಲು ನಿದ್ದೆ ಬಿಟ್ಟು ಏಳೋರ್ಗೆ ಅಷ್ಟಾದ್ರೂ ಅನುಕೂಲ ಬೇಡ್ವಾ ಅನ್ನೋರು. ಕೂಲಿ ಸಂಬ್ಳ ಏನೂ ಇಲ್ದಿರೋ ಕೆಲ್ಸ ಅದು ಅನ್ನೋರು."

ಇದನ್ನು ನನಗೆ ಒಂದು ಸಲ ಹೇಳಿದ್ದರೆ ಆಚಾರ್ರ ಗಂಟೇನು ಹೋಗುತ್ತಿತ್ತು? ಮೊಳ, ಲೆಕ್ಕ, ಸರದಿ ಎಂದೆಲ್ಲ ಒದರುವ ಬದಲು ಇಷ್ಟು ಹೇಳಿದ್ದರೆ ನಾನು ಅತ್ತೆಯ ಜೊತೆ, ಗಂಡನ ಜೊತೆ ಒಳಗೊಳಗೇ ಕುದಿಯುತ್ತಿರಲಿಲ್ಲವಲ್ಲ. ಸಿಟ್ಟೂ ಬಂತು, ಅಳುವೂ ಬಂತು. ಬೈಯೋಣವೆಂದರೆ ಬೈಸಿಕೊಳ್ಳುವವರಿಲ್ಲ. ಒಲೆ ಹಚ್ಚಿ ಹಾಲಿಟ್ಟೆ.

ಕಾಫಿ ತಂದುಕೊಟ್ಟೆ. ಆಕೆ ಎರಡೂ ಕೈಯಲ್ಲಿ ಲೋಟ ಹಿಡಿದು ನಿಧಾನವಾಗಿ ಕುಡಿದರು. ಕುಡಿದು ಮುಗಿಸಿ ಅಡುಗೆಮನೆಯ ಕಡೆ ಒಮ್ಮೆ ನೋಡಿದರು.

"ಮೇಡಮ್ಮೋರೆ, ಇನ್ಮೇಲೆ ಒಲೆ ನಾನೇ ಹಚ್ಬೇಕಲ್ಲ. ಎಷ್ಟ್ ದಿವ್ಸ ಅಂತ ಆ ಮನೆ ಊಟ ತಿನ್ನೋದು. ಈ ಕಟ್ಟೆ ನನ್ ಮಟ್ಟಕ್ಕೆ ಇಳಿಸ್ಬೇಕು. ನಿಮ್ಗೆ ಗೊತ್ತಿರೋ ಆಚಾರ್ರು ಯಾರಾದ್ರೂ ಇದ್ರೆ ಹೇಳಿ."

ನನಗೆ ಗೊತ್ತಿದ್ದ ಆಚಾರ್ರು ಒಬ್ಬರೇ. "ಕೈ ಚಾಚಿ" ಅಂದೆ. ಆಕೆ ಚಾಚಿದರು. ಅಳೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರ ಮೊಣಕೈಗೆ ನನ್ನ ಮೊಣಕೈ ತಾಗಿಸಿ, ಅವರ ಕೈಯ ಪಕ್ಕಕ್ಕೇ ನನ್ನ ಕೈ ಹಿಡಿದು ನೋಡಿದೆ. ಅವರದು ನನ್ನದಕ್ಕಿಂತ ಮೂರು ಬೆರಳು ಗಿಡ್ಡ ಇತ್ತು.